ಮೂರ್ಕಲ್ಲಿನ ಗುತ್ತಿಗೆ ಮತ್ತು ಕಾನೂನು

ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳಿಂದ ಕೊಡಗಿನವರೆಗೆ ಹಬ್ಬಿರುವ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಮೂರ್ಕಲ್ಲಿನ ವಸತಿಗೃಹಗಳನ್ನು ರಾಜ್ಯ ಸರ್ಕಾರವು ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್ ಕಂಪನಿಗೆ ಗುತ್ತಿಗೆ ನೀಡಿದಾಗ, ಜೇನುಕುರುಬರೇ ಮೊದಲಾದ ಆದಿವಾಸಿಗಳು 1996ರಲ್ಲಿ ಹೋರಾಟಕ್ಕಿಳಿದರು; ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯು ಹೈಕೋರ್ಟಿನ ಮೆಟ್ಟಿಲೇರಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ 2ನೆಯ ಕಲಮಿನಂತೆ, ಅರಣ್ಯಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ, ಅಂದರೆ ಕಾಡನ್ನು ಬೆಳೆಸಿ ಕಾಯುವುದಕ್ಕೆ ಹೊರತಾದ ಕೆಲಸಕ್ಕೆ, ಬಿಟ್ಟುಕೊಡುವ ಮುನ್ನ ಕೇಂದ್ರ ಸರ್ಕಾರದ ಅನುಮೋದನೆ ಪಡೆಯಬೇಕಾಗಿದ್ದು, ಅದಿಲ್ಲದ ಈ ಗುತ್ತಿಗೆಯು ಕಾನೂನುಬಾಹಿರವೆಂದು ಹೈಕೋರ್ಟ್ 1997ರಲ್ಲಿ ತೀರ್ಮಾನಿಸಿತು. ಗಮನಿಸತಕ್ಕದ್ದೆಂದರೆ, ತೀರ್ಪಿಗೆ ಆಧಾರವಾದದ್ದು ಅರಣ್ಯ ಮತ್ತು ವನ್ಯಜೀವಿ ರಕ್ಷಣೆಯ ಕಾನೂನುಗಳೇ ಹೊರತು ಆದಿವಾಸಿಗಳ ಭೂಹಕ್ಕಲ್ಲ. ಅಂಥ ಹಕ್ಕನ್ನು ಮಾನ್ಯ ಮಾಡುವ ಅರಣ್ಯ ಹಕ್ಕು ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2006ರಲ್ಲಿ.