ವೀರಗಲ್ಲಿನ ಅಳತೆಗೆ ಕ್ರೀಡಾತಾರೆಯರು

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಸೀಮೆ ಇಂದು ಆಂಧ್ರದಲ್ಲಿದ್ದರೂ ಅಲ್ಲಿನ ಹಳೆಯ ಶಾಸನಗಳಲ್ಲಿ ಬಹಳಷ್ಟು ಕನ್ನಡದವೇ. ಇಂದಿನ ಹೇಮಾವತಿ, ಅಂದರೆ ಅಂದಿನ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಯಾರು ವೀರರು ಎಂಬ ಪ್ರಶ್ನೆಗೆ ಆ ಕಾಲದವರು ಕಲ್ಲಿನಲ್ಲೇ ಉತ್ತರ ಬರೆದರು. ತುರುಗಳನ್ನು ಮರಳಿಸಲು, ಊರಳಿವು ತಡೆಯಲು, ಹೆಣ್ಣುಮಕ್ಕಳನ್ನು ಕಾಯಲು ಹೋರಾಡಿ ಮಡಿದವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಬೆಂಗಳೂರಿನ ಬಳಿಯ ಬೇಗೂರಿನ ಸುಮಾರು 890ರ ಕಲ್ಲನ್ನೇ ನೋಡಿ. ನೊಳಂಬ ಅಯ್ಯಪದೇವನ ನೆರವಿಗೆ ಗಂಗರ ಎರೆಯಪ್ಪ ಕಳುಹಿಸಿದ ನಾಗತ್ತರ ತುಂಬೆಪಾಡಿಯ ಕಾಳಗದಲ್ಲಿ ಮಡಿದ. ಆ ಬಳಿಕ ನಾಗತ್ತರ ಪಟ್ಟವೂ ಬೇಗೂರು ಹನ್ನೆರಡು ಎಂಬ ಹಳ್ಳಿಗಳ ಗುಂಪೂ ಇರುಗನೆಂಬವನಿಗೆ ಸಂದವು. ಯಾರ ಪರವಾಗಿ, ಎಲ್ಲಿ ಕಾದಿದ ಎಂಬುದನ್ನು ಕಲ್ಲು ಬಿಡಿಸಿ ಹೇಳುತ್ತದೆ. ಅವನ ಇಡೀ ಬದುಕಿಗೆ ಸನ್ನಡತೆಯ ಪ್ರಮಾಣಪತ್ರ ಬರೆಯುವುದಿಲ್ಲ. ಇಂದಿನ ಕ್ರೀಡಾತಾರೆಯರ ವಿಷಯದಲ್ಲಿ ನಾವು ಮಾಡುವುದು ಇದರ ತದ್ವಿರುದ್ಧ. ಶತಕ ಬಾರಿಸಿದವರ ಮಾತು, ಮದುವೆ, ರಾಜಕೀಯ ಎಲ್ಲಕ್ಕೂ ಆ ಶತಕದ ಮಾನ್ಯತೆಯನ್ನೇ ಹಂಚುತ್ತೇವೆ.

ವೀರಗಲ್ಲುಗಳು ಹಿಂಸೆಯನ್ನು ವೈಭವೀಕರಿಸಿದವಲ್ಲವೇ ಎಂದು ಕೇಳಬಹುದು. ಹೌದು, ದೊರೆಗಾಗಿ ಸತ್ತವರೂ ಅಲ್ಲಿದ್ದಾರೆ, ಆ ದೊರೆಯ ಕಾಳಗ ನ್ಯಾಯದ್ದೇ ಆಗಿರಬೇಕಿರಲಿಲ್ಲ. ಹಾಗಾಗಿ ಆ ಕಾಲದ ಮೌಲ್ಯಗಳನ್ನೆಲ್ಲ ತಲೆಯ ಮೇಲೆ ಹೊರಬೇಕಿಲ್ಲ, ಅಳೆಯುವ ಕ್ರಮವನ್ನು ಕಲಿತರೆ ಸಾಕು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ತಕ್ಕೋಲದ ಯುದ್ಧದ ನಂತರ, ಸುಮಾರು 950ರಲ್ಲಿ, ಆತಕೂರಿನಲ್ಲಿ ನಿಂತ ಕಲ್ಲು ಹಂದಿಬೇಟೆಯಲ್ಲಿ ಸತ್ತ, ಮಣಲೆರನೆಂಬ ಯೋಧನ ನಾಯಿ ಕಾಳಿಯನ್ನು ಸ್ಮರಿಸುತ್ತದೆ. ಹಾಗಾದರೆ ಬೇಟೆಯ ಕೆಚ್ಚಿಗೂ ಮನ್ನಣೆ ಇತ್ತಲ್ಲ? ಇತ್ತು. ಆದರೆ ಕಾಳಿಯ ವಿಷಯದಲ್ಲಿ, ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತವು ಎಂದಷ್ಟೇ ಅದು ಹೇಳುತ್ತದೆ. ಕಾಳಿ ನಾಡನ್ನು ಉಳಿಸಿತು ಎನ್ನುವುದಿಲ್ಲ. ಆಟಗಾರರ ಛಲ, ಪಳಗಿದ ಕೈ, ಗಾಯ ನುಂಗಿ ಆಡುವ ಗಟ್ಟಿತನಕ್ಕೂ ಅಂಥ ನಿಖರ ಹೊಗಳಿಕೆ ನ್ಯಾಯವಾಗಿಯೇ ಸಲ್ಲಬೇಕು.

ಹಾಗೆಂದು ಆಟಗಾರರು ಎಂದೂ ವೀರರಾಗಲಾರರು ಎಂದಲ್ಲ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಂಕರ್ ಬಾಳೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಅಸ್ಪೃಶ್ಯತೆಯ ಅವಮಾನ ಸಹಿಸುತ್ತಲೇ ಆಡಿ, ತಮ್ಮವರಿಗೆ ಮುಚ್ಚಿದ್ದ ಬಾಗಿಲು ತೆರೆದದ್ದು ಆ ವಿಕೆಟ್‌ಗಳ ಲೆಕ್ಕಕ್ಕಿಂತ ದೊಡ್ಡದು. ಆದರೂ ಅದೇ ಬಾಳೂ 1937ರ ಚುನಾವಣೆಯಲ್ಲಿ ಅಂಬೇಡ್ಕರ್ ವಿರುದ್ಧ ನಿಂತು ಸೋತರು. ಮೈದಾನದ ಹಿರಿಮೆಯನ್ನು ನೆನೆಯುತ್ತಲೇ ಈ ನಿರ್ಧಾರವನ್ನು ಪ್ರಶ್ನಿಸಬಹುದು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಒಲ್ಲೆನೆಂದ ಕ್ರಿಕೆಟಿಗ ರಾಹುಲ್ ದ್ರಾವಿಡ್ ಕೂಡ ಆಟದ ಹಿರಿಮೆಗೂ ಬೇರೆ ಮನ್ನಣೆಗೂ ನಡುವಿನ ಈ ಗೆರೆಯನ್ನು ತಾವೇ ಎಳೆದುಕೊಂಡರು: ಸಂಶೋಧನೆಗೆ ಸಲ್ಲುವ ಪದವಿಯನ್ನು ಸಂಶೋಧನೆಯಿಂದಲೇ ಗಳಿಸಬೇಕು. ವೀರಪಟ್ಟಕ್ಕೂ ಇದೇ ನಿಯಮ ಸಾಕು: ಪರರಿಗಾಗಿ ತೆತ್ತ ಬೆಲೆಯನ್ನು ತೋರಿಸಿ, ಆ ಕೃತ್ಯಕ್ಕಷ್ಟೇ ಪಟ್ಟ ಕಟ್ಟಿ.