ಕೆರೆಯ ಮೀನೂ ಹೊಳೆಯ ಸಂದೇಶವೂ

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯು ಸಾಹಿತ್ಯಾಭಿಮಾನಿಗಳಿಗೆ ಕೆ. ಎಸ್. ನರಸಿಂಹಸ್ವಾಮಿಯವರ ಜನ್ಮಸ್ಥಳವಾಗಿಯೂ, ಶಿಲ್ಪಾಭ್ಯಾಸಿಗಳಿಗೆ 1171ರ ಬ್ರಹ್ಮೇಶ್ವರ ದೇವಾಲಯದ ನೆಲೆಯಾಗಿಯೂ ಪರಿಚಿತವಾಗಿದೆ. ಆ ಊರಿನ ಕೆರೆಯು ಬೇರೊಂದು ವಿಚಾರಕ್ಕೆ ಎಡೆಗೊಡುತ್ತದೆ. ಕಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಜಾತಿಯ ಮೀನುಗಳು ಇಂತಹ ಕೆರೆಗಳಲ್ಲಿ ಚೆನ್ನಾಗಿ ಬೆಳೆಯುತ್ತವೆ. ಹೆಣ್ಣಿನ ಒಡಲಲ್ಲಿ ಮೊಟ್ಟೆಗಳೂ ಬಲಿಯುತ್ತವೆ. ಆದರೂ ನಿಂತ ನೀರಿನಲ್ಲಿ ಅವು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಆದಕಾರಣ ಮರಿಗಳನ್ನು ಹೊರಗಿನಿಂದ ತಂದು ಬಿಡಬೇಕಾಗುತ್ತದೆ. ಈ ತಡೆಯ ಕಾರಣವು ತಿಳಿದುಬಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇನೆ.

ಇದೆಲ್ಲವೂ ನಮ್ಮ ಪ್ರಾಚೀನರಿಗೆ ತಿಳಿದಿತ್ತೆಂದು ಹೇಳುವ ಆಸೆ ಸಹಜವಾದುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವುಂಟು. ಕಿಕ್ಕೇರಿಯ ದೇವಾಲಯಕ್ಕಿಂತ ಸುಮಾರು ನಾಲ್ಕು ದಶಕಗಳಷ್ಟು ಹಿಂದಿನ ಈ ಸಂಸ್ಕೃತ ಗ್ರಂಥದಲ್ಲಿ ಮೀನಿನ ಬಗೆಗಳೂ ಅವುಗಳ ಆಹಾರವೂ ಗಾಳದ ವಿಧಾನವೂ ವರ್ಣಿತವಾಗಿವೆ. ಪ್ರಾಣಿಶಾಸ್ತ್ರಜ್ಞರಾದ ಸುಂದರ್‌ಲಾಲ್ ಹೋರಾ ಅವರು 1951ರಲ್ಲಿ ಇದನ್ನು ವಿವೇಚಿಸಿದ್ದಾರೆ. ಅಲ್ಲಿರುವ ಸೂಕ್ಷ್ಮ ಅವಲೋಕನವು ಶ್ಲಾಘ್ಯವೇ ಸರಿ. ಆದರೆ ಆ ಪ್ರಕರಣದ ಉದ್ದೇಶ ಅರಸನ ವಿನೋದ. ಅದರಲ್ಲಿ ಹಾರ್ಮೋನುಶಾಸ್ತ್ರದ ಬೀಜವನ್ನು ಕಾಣುವುದು ಗ್ರಂಥಕ್ಕೂ ಶಾಸ್ತ್ರಕ್ಕೂ ಅನ್ಯಾಯವಾಗುತ್ತದೆ.

ಬಹುಕಾಲ ಗೆಂಡೆಮರಿಗಳಿಗೆ ಉತ್ತರದ ಹೊಳೆಗಳ ಮುಂಗಾರು ಪ್ರವಾಹವೇ ಗತಿಯಾಗಿತ್ತು. ಮಳೆಯ ನೀರು ಹರಿದು ತುಂಬುವ ಕಟ್ಟೆಗಳಲ್ಲಿಯೂ ಇವು ಮೊಟ್ಟೆಯಿಡುವುದನ್ನು ಬಂಗಾಳದವರು ಬಲ್ಲವರಾಗಿದ್ದರು. ಹರಿಯುವ ಹೊಸನೀರು ಬೇಕೆಂಬುದು ಅನುಭವದಿಂದ ತಿಳಿದಿತ್ತು. ಅದು ಮೀನಿನ ಒಡಲೊಳಗೆ ಏನನ್ನು ಮಾಡುವುದೆಂಬುದು ತಿಳಿದಿರಲಿಲ್ಲ. 1930ರಲ್ಲಿ ಅರ್ಜೆಂಟೀನದ ಬರ್ನಾರ್ಡೊ ಉಸ್ಸಾಯ್ ಅವರು ಪಿಟ್ಯೂಟರಿ ಗ್ರಂಥಿಯ ಸಾರವು ಮರಿಹಾಕುವ ಮೀನಿನಲ್ಲಿ ಪ್ರಸವವನ್ನು ತ್ವರೆಗೊಳಿಸುವುದನ್ನು ತೋರಿಸಿದರು. ಅದೇ ದಶಕದಲ್ಲಿ ಬ್ರೆಜಿಲಿನವರು ಈ ಉಪಾಯವನ್ನು ಮೀನುಸಾಕಣೆಗೆ ತಂದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ನಮ್ಮ ಗೆಂಡೆಗಳಲ್ಲಿ ಸಿದ್ಧಿಯನ್ನು ಪಡೆದರು.

ಆದರೆ ಗ್ರಂಥಿಗೂ ಆಜ್ಞೆ ಬರುವುದು ಮಿದುಳಿನಿಂದ. ಅಲ್ಲಿನ ನರಕೋಶಗಳು ಹತ್ತು ಅಮೈನೊ ಆಮ್ಲಗಳ ಒಂದು ನರಪೆಪ್ಟೈಡನ್ನು ಸ್ರವಿಸುತ್ತವೆ. ಅದು ಪಿಟ್ಯೂಟರಿಯ ಕೋಶಗಳ ಮೇಲಿರುವ ಗ್ರಾಹಕಗಳನ್ನು ಸೇರಿದಾಗ ಗೊನಡೊಟ್ರೋಪಿನ್ ಹಾರ್ಮೋನು ಹೊರಬಿದ್ದು, ಮೊಟ್ಟೆಗಳು ಕೊನೆಯ ಪಾಕಕ್ಕೆ ಬರುತ್ತವೆ. ಸಾಲ್ಮನ್ ಮೀನಿನ ಈ ಪೆಪ್ಟೈಡಿನ ರಚನೆಯು 1983ರಲ್ಲಿ ತಿಳಿಯಿತು. ಆದರೂ ಗೆಂಡೆಗಳಲ್ಲಿ ಇದನ್ನೊಂದನ್ನೇ ಕೊಟ್ಟರೆ ಫಲ ಅನಿಶ್ಚಿತವಾಗಿತ್ತು. ಏಕೆಂದರೆ ಡೋಪಮೀನ್ ಎಂಬ ದ್ರವ್ಯವು ಬೇರೊಂದು ಗ್ರಾಹಕದ ಮೂಲಕ ಸ್ರಾವವನ್ನು ತಡೆಹಿಡಿಯುತ್ತಿತ್ತು. ಕೆನಡಾದ ರಿಚರ್ಡ್ ಪೀಟರ್ ಮತ್ತು ಚೀನದ ಲಿನ್ ಹಾವೊರಾನ್ ಅವರು ಪ್ರೇರಕವನ್ನೂ ತಡೆಯನ್ನು ನಿವಾರಿಸುವ ಔಷಧವನ್ನೂ ಕೂಡಿಸಿದರು. ಈ ತತ್ತ್ವದಂತೆ ಸಿದ್ಧವಾದ ಓವಾಪ್ರಿಮ್ ಎಂಬ ಮದ್ದಿನ 1 ಮಿಲಿಲೀಟರಿನಲ್ಲಿ 20 ಮೈಕ್ರೊಗ್ರಾಂ ಕೃತಕ ಪೆಪ್ಟೈಡೂ 10 ಮಿಲಿಗ್ರಾಂ ಡಾಂಪೆರಿಡೋನೂ ಇರುತ್ತವೆ.

ಎಲ್ಲ ಮೀನುಗಳಿಗೂ ಒಂದೇ ನಿಯಮವೆಂದು ಭಾವಿಸಲಾಗದು. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯವು, ಅಂದರೆ ನಮ್ಮವರು ಜಿಲೇಬಿ ಎಂದು ಕರೆಯುವ ಮೀನು, ನಿಂತ ಕೆರೆಯಲ್ಲಿಯೇ ಸಂತಾನ ಬೆಳೆಸಿ, ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಅದಕ್ಕೆ ಹೊಳೆಯ ಹರಿವು ಬೇಕಿಲ್ಲ. ಆದರೂ ತಡೆ ಇಲ್ಲದಿಲ್ಲ. ಎಂಡಾರ್ಫಿನ್ ಎಂಬ ನರಪೆಪ್ಟೈಡು ಅದರ ಅಂಡಾಶಯದ ಬೆಳವಣಿಗೆಯನ್ನು ಕುಂದಿಸಬಲ್ಲುದೆಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧನೆಗಳು ತೋರಿಸಿವೆ. 2003ರಲ್ಲಿ ಮನುಷ್ಯರ ಪ್ರಾಯಾಗಮಕ್ಕೆ ಅಗತ್ಯವೆಂದು ತಿಳಿದುಬಂದ ಕಿಸ್‌ಪೆಪ್ಟಿನ್ ಗ್ರಾಹಕಗಳನ್ನು ಜೀಬ್ರಾಮೀನಿನಲ್ಲಿ ಇಲ್ಲವಾಗಿಸಿದರೂ ಅದು ಸಂತಾನಹೀನವಾಗಲಿಲ್ಲ.

ಹೀಗೆ ಈ ಚರಿತ್ರೆಯನ್ನು ಕೇವಲ ಒಂದು ಮದ್ದಿನ ಶೋಧವೆಂದು ಬರೆದರೆ ಅದು ಅಪೂರ್ಣವಾಗುತ್ತದೆ. ಗೆಂಡೆಯಲ್ಲಿ ಶಕ್ತಿಯ ಅಭಾವವಿರಲಿಲ್ಲ. ಒಳಗಿದ್ದ ತಡೆ ತೆರವಾಗಿರಲಿಲ್ಲ. ಕಟ್ಟಿಸಿದವರು ಕೆರೆಗೆ ಏರಿಯನ್ನೂ ತೂಬನ್ನೂ ಕೋಡಿಯನ್ನೂ ಕೊಟ್ಟರು. ಹೊಳೆಯ ಸಂದೇಶವನ್ನು ಕೊಡುವುದು ಅವರ ಕೈಯಲ್ಲಿರಲಿಲ್ಲ. ಇಂದಿನ ಮದ್ದು ಆ ಸಂದೇಶದ ಕೊನೆಯ ಮಾತನ್ನಷ್ಟೇ ಅನುಕರಿಸುತ್ತದೆ. ಮೊಟ್ಟೆಯನ್ನು ಬಲಿಯಿಸುವ ಕಾರ್ಯವು ಇಂದಿಗೂ ಋತುವಿನದು, ಆಹಾರದ್ದು, ಕೆರೆಯದು.