ಎರಡನೆಯ ಹೃದಯಾಘಾತ ಮತ್ತು ಒಂದು ಗುಳಿಗೆಯ ಲೆಕ್ಕ

ಹೃದಯಾಘಾತದಿಂದ ಚೇತರಿಸಿಕೊಂಡವರಿಗೆ ವೈದ್ಯರು ಬರೆದುಕೊಡುವ ಗುಳಿಗೆಗಳಲ್ಲಿ ಸ್ಟಾಟಿನ್ ಒಂದು. ರಕ್ತದಲ್ಲಿನ ಕೊಲೆಸ್ಟರಾಲ್ ತಗ್ಗಿಸಿ ಮತ್ತೊಂದು ಆಘಾತದ ಸಂಭವವನ್ನು ಕಡಿಮೆ ಮಾಡುವುದು ಅದರ ಕೆಲಸ. ಅದನ್ನು ವರ್ಷಗಟ್ಟಲೆ, ದಿನವೂ ನುಂಗಬೇಕು. ಹಾಗಾದರೆ ಈ ಖರ್ಚಿಗೆ ತಕ್ಕ ಫಲ ಉಂಟೆ?

ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಸಾವಿರಾರು ಶಿಲೀಂಧ್ರಗಳನ್ನು ಪರೀಕ್ಷಿಸಿ 1970ರ ದಶಕದಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಅದು ದೇಹದಲ್ಲಿ ಕೊಲೆಸ್ಟರಾಲ್ ತಯಾರಾಗಲು ಬೇಕಾದ ಕಿಣ್ವವನ್ನು ತಡೆಯುತ್ತದೆ. ಇದರಿಂದ ಜೀವ ಉಳಿಯುವುದೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು 1994ರಲ್ಲಿ, ಸ್ಕ್ಯಾಂಡಿನೇವಿಯದಿಂದ. ಅಲ್ಲಿ 4,444 ಹೃದ್ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಸಿಮ್ವಾಸ್ಟಾಟಿನ್, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ ಕೊಟ್ಟರು. ಸುಮಾರು 5.4 ವರ್ಷಗಳಲ್ಲಿ ಔಷಧಿ ಪಡೆದವರಲ್ಲಿ 182 ಮಂದಿ, ಪಡೆಯದವರಲ್ಲಿ 256 ಮಂದಿ ತೀರಿಕೊಂಡಿದ್ದರು.

ವಿದ್ಯಾರ್ಥಿಗಳೇ, ಈಗ ನೀವೇ ಲೆಕ್ಕ ಹಾಕಿ. ಈ ಅಂಕಿಗಳ ಪ್ರಕಾರ ಒಂದು ಜೀವ ಉಳಿಯಲು ಸುಮಾರು 30 ಮಂದಿ ಅಷ್ಟೂ ಕಾಲ ಔಷಧಿ ಸೇವಿಸಬೇಕು. ಅಂದರೆ ಸುಮಾರು 59,000 ಗುಳಿಗೆಗಳು. ಒಂದರ ಬೆಲೆ 20 ರೂಪಾಯಿ ಎಂದಿಟ್ಟುಕೊಂಡರೆ 11.8 ಲಕ್ಷ ರೂಪಾಯಿ. 2 ರೂಪಾಯಿಯಾದರೆ 1.18 ಲಕ್ಷ. ಔಷಧಿಯ ಗುಣ ಬದಲಾಗಲಿಲ್ಲ, ಬೆಲೆ ಇಳಿದಾಗ ಉತ್ತರವೇ ಬದಲಾಯಿತು.

ಭಾರತದಲ್ಲಿ ಬೆಲೆ ಇಳಿಯಲು ಕಾನೂನೂ ಕಾರಣ. 1970ರ ಪೇಟೆಂಟ್ ಕಾಯ್ದೆ 2005ರವರೆಗೆ ಔಷಧಿಗೆ ಪೇಟೆಂಟ್ ಕೊಡದೆ, ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಬೇರೆ ವಿಧಾನದಿಂದ ಅದೇ ಔಷಧಿ ತಯಾರಿಸಲು ನಮ್ಮ ಕಂಪನಿಗಳಿಗೆ ದಾರಿಯಾಯಿತು.

ಆದರೂ ಔಷಧಿ ಎಲ್ಲರನ್ನೂ ತಲುಪಲಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡಿದ್ದ 17 ದೇಶಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಲ್ಲಿ ಸ್ಟಾಟಿನ್ ಸೇವಿಸುತ್ತಿದ್ದವರು ಶ್ರೀಮಂತ ದೇಶಗಳಲ್ಲಿ ಶೇ. 66.5, ಭಾರತವೂ ಸೇರಿದ್ದ ಬಡ ದೇಶಗಳ ಗುಂಪಿನಲ್ಲಿ ಶೇ. 3.3 ಮಾತ್ರ.

ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾಯಿತು. ಹುಮನಾಬಾದ್ ಹಾದಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದವರಿಗೂ ತುರ್ತು ಚಿಕಿತ್ಸೆ ಈಗ ಹತ್ತಿರವಾಗಿದೆ. ಆದರೆ ಗುಳಿಗೆಗಾಗಿ ಕಮಲಾಪುರದಿಂದ ನಗರಕ್ಕೆ ಬರಬೇಕಾದ ಕೂಲಿಕಾರನಿಗೆ ಬಸ್ ಚಾರ್ಜೂ ಒಂದು ದಿನದ ಕೂಲಿಯೂ ಔಷಧಿಯ ಬೆಲೆಯೊಳಗೇ ಸೇರುತ್ತವೆ. ಗುಳಿಗೆ ತೀರಿತೆಂದು, ಎದೆನೋವಿಲ್ಲವೆಂದು ಆತ ನಿಲ್ಲಿಸಿಬಿಟ್ಟರೆ ಆಸ್ಪತ್ರೆ ಉಳಿಸಿದ ಜೀವ ಮತ್ತೆ ಅಪಾಯಕ್ಕೆ ಸಿಲುಕುತ್ತದೆ. ಅಗ್ಗದ ಔಷಧಿ ಊರಿನಲ್ಲೇ, ತಿಂಗಳು ತಪ್ಪದೆ ಸಿಕ್ಕಾಗಲೇ ಈ ಲೆಕ್ಕ ಪೂರ್ತಿಯಾಗುವುದು. ನಿಮ್ಮ ಮನೆಯಲ್ಲಿ ಇಂಥ ಗುಳಿಗೆ ಸೇವಿಸುವ ಹಿರಿಯರಿದ್ದರೆ, ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸದಂತೆ ನೋಡಿಕೊಳ್ಳಿ.